ಎತ್ತಿನ ಗಾಡಿಯ ಲೆಕ್ಕ, ವಿಮಾನದ ತೂಕ

ಸೊರಬ ತಾಲ್ಲೂಕಿನ ಒಂದು ಪ್ರೌಢಶಾಲೆಯ ವಿಜ್ಞಾನ ಮೇಳಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಎಲ್ಲ ಮೇಳಗಳಲ್ಲೂ ಹೊಗೆಯುಗುಳುವ ಜ್ವಾಲಾಮುಖಿ, ಮಳೆನೀರು ಕೊಯ್ಲು, ಸೌರ ಒಲೆಗಳ ಸಾಲು ದಾಟಿ ಮೂಲೆಯ ಬೆಂಚಿಗೆ ಬಂದರೆ ಅಲ್ಲೊಂದು ಥರ್ಮೊಕೋಲ್ ವಿಮಾನ ಕೂತಿತ್ತು. ಮೊಳದುದ್ದದ ಒಡಲು, ಅದಕ್ಕಿಂತ ತುಸು ಉದ್ದದ ರೆಕ್ಕೆ. ಬಾಲಕ್ಕೆ ದಪ್ಪನಾಗಿ ಕೆಂಪು ಬಣ್ಣ, ಅದರ ಮೇಲೊಂದು ರಟ್ಟಿನ ಬಾವುಟ. ಹಿಂದಿನ ಗೋಡೆಯ ಚಾರ್ಟಿನಲ್ಲಿ ರೆಕ್ಕೆಯ ಅಗಲದ ಮುಂದಿನ ಕಾಲು ಭಾಗಕ್ಕೆ ಒಂದು ಚುಕ್ಕೆ ಇಟ್ಟು ‘ಗುರುತ್ವ ಕೇಂದ್ರ’ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದಿತ್ತು.

‘ಹಾರಿಸಿ ತೋರಿಸಪ್ಪ’ ಎಂದೆ. ಒಂಬತ್ತನೇ ತರಗತಿಯ ಹುಡುಗ ಅಂಗಳಕ್ಕೆ ಬಂದು ಬೀಸಿ ಎಸೆದ. ವಿಮಾನ ಮೂತಿಯೆತ್ತಿತು, ಗಾಳಿಯಲ್ಲಿ ಒಂದು ಕ್ಷಣ ನಿಂತಂತಾಯಿತು, ಆಮೇಲೆ ಬಾಲದ ಮೇಲೆ ಕುಸಿದು ಬಿತ್ತು. ಎರಡನೇ ಸಲವೂ ಹಾಗೇ, ಮೂರನೇ ಸಲವೂ ಹಾಗೇ. ಸುತ್ತಲಿನವರು ನಕ್ಕರು. ಹುಡುಗನ ಕಣ್ಣಲ್ಲಿ ನೀರು. ‘ಮನೇಲಿ ಚೆನ್ನಾಗಿ ಹಾರಿತ್ತು ಸಾರ್. ನಿನ್ನೆ ಬಣ್ಣ ಹಚ್ಚಿ ಬಾವುಟ ಅಂಟಿಸಿದೆ, ಅಷ್ಟೆ.’

ಚಾರ್ಟಿನ ಚುಕ್ಕೆ ಇದ್ದಲ್ಲಿ ರೆಕ್ಕೆಗಳ ಕೆಳಗೆ ಒಂದೊಂದು ಬೆರಳು ಕೊಟ್ಟು ವಿಮಾನವನ್ನು ಎತ್ತಿದೆ. ಬಾಲ ಕೆಳಗೆ ಜೋತುಬಿತ್ತು. ಬೆರಳನ್ನು ಹಿಂದಕ್ಕೆ ಸರಿಸುತ್ತ ಹೋದರೆ, ಎರಡು ಅಂಗುಲ ಹಿಂದೆ ಅದು ಸಮವಾಗಿ ನಿಂತಿತು. ‘ಈ ಚುಕ್ಕೆ ಎಲ್ಲಿಂದ ಬಂತು?’ ಎಂದು ಕೇಳಿದೆ. ‘ಗೈಡಿನಲ್ಲಿತ್ತು ಸಾರ್.’

ಜೇಬಿನಿಂದ ನಾಣ್ಯ ತೆಗೆದು ಒಂದೊಂದಾಗಿ ಮೂತಿಗೆ ಅಂಟಿಸುತ್ತ ಬಂದೆವು. ಚುಕ್ಕೆ ಇದ್ದಲ್ಲೇ ವಿಮಾನ ಸಮತೂಕಕ್ಕೆ ಬಂತು. ಈ ಸಲ ಎಸೆದಾಗ ಅದು ಅಂಗಳ ದಾಟಿ, ಧ್ವಜಸ್ತಂಭ ದಾಟಿ, ಹಲಸಿನ ಮರದ ಬುಡಕ್ಕೆ ಹೋಗಿ ನಿಧಾನವಾಗಿ ಕೂತಿತು. ಮಕ್ಕಳೆಲ್ಲ ಹೋ ಎಂದರು. ಹುಡುಗ ಮಾತ್ರ ನನ್ನನ್ನೇ ನೋಡುತ್ತ ಕೇಳಿದ: ‘ದೊಡ್ಡ ವಿಮಾನಕ್ಕೂ ಹೀಗೆ ನಾಣ್ಯ ಅಂಟಿಸ್ತಾರಾ ಸಾರ್?’

ಹಿಂದೆ ನಿಂತಿದ್ದ ಅವನ ತಂದೆ ಇನ್ನೊಂದು ಪ್ರಶ್ನೆ ಕೇಳಿದರು: ‘ಇದರಿಂದ ಸಿಇಟಿಗೆ ಏನಾದರೂ ಉಪಯೋಗ ಆಗ್ತದಾ?’

ಎರಡೂ ಒಳ್ಳೆಯ ಪ್ರಶ್ನೆಗಳೇ. ಈ ವಾರ ಎರಡಕ್ಕೂ ಉತ್ತರ ಹೇಳಲು ಪ್ರಯತ್ನಿಸುತ್ತೇನೆ.

ಗಾಡಿ ಹೂಡುವವರಿಗೆ ಗೊತ್ತಿದ್ದದ್ದು

ಸೊರಬದಿಂದ ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ ಹೋಗುವ ರಸ್ತೆಯಲ್ಲಿ ಒಂದು ಕಾಲಕ್ಕೆ ಸುಗ್ಗಿಯ ದಿನಗಳಲ್ಲಿ ಭತ್ತದ ಹೊರೆ ಹೊತ್ತ ಎತ್ತಿನ ಗಾಡಿಗಳ ಸಾಲು ಕಾಣುತ್ತಿತ್ತು. ಈಗ ಆ ಜಾಗಕ್ಕೆ ಬಹುಪಾಲು ಟ್ರ್ಯಾಕ್ಟರ್ ಬಂದಿದೆ. ಆದರೆ ಗಾಡಿ ಹೇರುವಾಗಿನ ಕೂಗು ಹಳಬರಿಗೆ ಇನ್ನೂ ನೆನಪಿರುತ್ತದೆ: ‘ಮುಂಭಾರ ಆಯ್ತು, ಹಿಂದಕ್ಕೆ ಹಾಕು’, ‘ಹಿಂಭಾರ ಆಯ್ತು, ಮುಂದಕ್ಕೆ ತಗೊ’.

ಗಾಡಿಯ ಭಾರವೆಲ್ಲ ಅಚ್ಚಿನ ಮೇಲೆ ನಿಲ್ಲಬೇಕು. ಅಚ್ಚಿನ ಮುಂದೆ ಹೆಚ್ಚು ಹೇರಿದರೆ ನೊಗ ಎತ್ತುಗಳ ಹೆಗಲ ಮೇಲೆ ಕುಕ್ಕುತ್ತದೆ. ಎತ್ತು ಬಳಲುತ್ತದೆ, ಆದರೂ ಗಾಡಿ ಹೋಗುತ್ತದೆ. ಅಚ್ಚಿನ ಹಿಂದೆ ಹೆಚ್ಚು ಹೇರಿದರೆ ಮೂಕಿ ಮೇಲೇಳುತ್ತದೆ. ನೊಗದ ಜೊತೆ ಎತ್ತಿನ ಕೊರಳ ಪಟ್ಟಿಯೂ ಮೇಲಕ್ಕೆ ಜಗ್ಗಿ ಉರುಲಿನಂತೆ ಬಿಗಿಯುತ್ತದೆ. ಏರಿನಲ್ಲಿ ಹೀಗಾದರೆ ಗಾಡಿಯೇ ಹಿಂದಕ್ಕೆ ಮಗುಚಿಕೊಳ್ಳುವ ಅಪಾಯ. ಅದಕ್ಕೇ ಅನುಭವಸ್ಥರು ತುಸು ಮುಂಭಾರ ಇಟ್ಟೇ ಗಾಡಿ ಹೂಡುತ್ತಿದ್ದರು. ಹೊರೆ ಅಷ್ಟೇ, ಎತ್ತು ಅವೇ. ನಾಲ್ಕು ಸಿವುಡು ಹುಲ್ಲನ್ನು ಎಲ್ಲಿ ಇಟ್ಟರು ಎಂಬುದರಲ್ಲಿ ಊರು ಮುಟ್ಟುವುದೋ ಹಳ್ಳಕ್ಕೆ ಬೀಳುವುದೋ ತೀರ್ಮಾನವಾಗುತ್ತಿತ್ತು.

ವಿಮಾನದ ‘ತೂಕ ಮತ್ತು ಸಮತೋಲ’ದ ಲೆಕ್ಕ ಎಂದರೆ ಇಷ್ಟೇ. ವ್ಯತ್ಯಾಸ ಒಂದೇ: ಗಾಡಿಯವನು ಮೂಕಿಯನ್ನು ಕೈಯಲ್ಲಿ ಎತ್ತಿ ನೋಡಿ ಭಾರ ತಿಳಿಯಬಲ್ಲ. ತಪ್ಪಾದರೆ ಇಳಿಸಿ ಮತ್ತೆ ಹೇರಬಲ್ಲ. ವಿಮಾನ ನೆಲ ಬಿಟ್ಟ ಮೇಲೆ ಇಳಿಸುವವರು ಯಾರು? ಆದ್ದರಿಂದ ಅಲ್ಲಿ ಕೈಯಂದಾಜಿಗೆ ಜಾಗವಿಲ್ಲ. ಎಲ್ಲವನ್ನೂ ನೆಲದ ಮೇಲೇ ತೂಗಿ, ಅಳೆದು, ಕೂಡಿ, ಭಾಗಿಸಿ ನೋಡಿರಬೇಕು.

ನಕ್ಷೆ ಒಂದು, ತೂಕ ನೂರು

ಈ ಲೆಕ್ಕ ಅತ್ಯಂತ ಸ್ಪಷ್ಟವಾಗಿ ಕಾಣುವುದು ಮನೆಯಲ್ಲೇ ಕಟ್ಟಿದ ವಿಮಾನಗಳಲ್ಲಿ. ಹೌದು, ವಿಮಾನವನ್ನು ಮನೆಯಲ್ಲಿ ಕಟ್ಟುವವರಿದ್ದಾರೆ. ಅಮೆರಿಕ, ಯುರೋಪುಗಳಲ್ಲಿ ಇದು ದೊಡ್ಡ ಹವ್ಯಾಸ. ನಮ್ಮಲ್ಲೂ ಮುಂಬಯಿಯ ಪೈಲಟ್ ಅಮೋಲ್ ಯಾದವ್ ತಮ್ಮ ಮನೆಯ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿದರು. ವರ್ಷಗಟ್ಟಲೆ ಕಚೇರಿ ಅಲೆದ ಮೇಲೆ 2017ರಲ್ಲಿ ಅದಕ್ಕೆ ನೋಂದಣಿ ಸಿಕ್ಕಿತು.

ಈ ಹವ್ಯಾಸಿಗಳ ಲೋಕದಲ್ಲಿ ದೊಡ್ಡ ಹೆಸರು ಅಮೆರಿಕದ ವಿನ್ಯಾಸಕ ಬರ್ಟ್ ರುಟಾನ್ ಅವರದು. ಅವರ ‘ಲಾಂಗ್ ಈಜಿ’ ವಿಮಾನ 1979ರಲ್ಲಿ ಮೊದಲು ಹಾರಿತು. ರುಟಾನ್ ಮಾರಿದ್ದು ವಿಮಾನವನ್ನಲ್ಲ, ನಕ್ಷೆಯನ್ನು. ಕೊಂಡವರು ಗಟ್ಟಿ ನೊರೆಯಂಥ ಫೋಮ್ ಹಲಗೆಗಳನ್ನು ಕಾದ ತಂತಿಯಿಂದ ರೆಕ್ಕೆಯ ಆಕಾರಕ್ಕೆ ಕತ್ತರಿಸಿ, ಅದರ ಮೇಲೆ ಗಾಜಿನ ನಾರಿನ ಬಟ್ಟೆ ಹೊದಿಸಿ, ಎಪಾಕ್ಸಿ ಅಂಟು ಸವರಿ ಒಣಗಿಸಬೇಕು.

ಆ ನಕ್ಷೆ ನಮ್ಮ ಬೆಂಗಳೂರಿಗೂ ಬಂತು. ಹಳೇ ವಿಮಾನ ನಿಲ್ದಾಣದ ರಸ್ತೆಯಲ್ಲಿರುವ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಅಂದರೆ ಎನ್.ಎ.ಎಲ್., ಪ್ರೊ. ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದ ಕಾಲದಲ್ಲಿ ಲಾಂಗ್ ಈಜಿಯ ವಿನ್ಯಾಸವನ್ನೇ ಆಧರಿಸಿ ಎರಡು ಸೀಟಿನ ಸಂಶೋಧನಾ ವಿಮಾನ ಕಟ್ಟಿತು. ಹೆಸರು ಎಲ್.ಸಿ.ಆರ್.ಎ. ಅದು 1987ರಲ್ಲಿ ಹಾರಿತು. ಗಾಜಿನ ನಾರು, ಎಪಾಕ್ಸಿಗಳಿಂದ ವಿಮಾನದ ಒಡಲು ಕಟ್ಟುವ ಕೈಚಳಕ ಅಲ್ಲಿ ಕಲಿತದ್ದೇ ಮುಂದೆ ‘ಹಂಸ’ ತರಬೇತಿ ವಿಮಾನಕ್ಕೆ ಒದಗಿತು. ಹಂಸ 1993ರಲ್ಲಿ ಮೊದಲು ಹಾರಿತು.

ಲಾಂಗ್ ಈಜಿ ನೋಡಲು ವಿಚಿತ್ರ. ಬಾಲದ ಪುಟ್ಟ ರೆಕ್ಕೆ ಮೂತಿಯಲ್ಲಿದೆ. ಎಂಜಿನ್ನು, ಪಂಖ ಹಿಂದಿವೆ. ಒಬ್ಬರ ಹಿಂದೆ ಒಬ್ಬರಂತೆ ಇಬ್ಬರು ಕೂರುತ್ತಾರೆ. ಖಾಲಿ ವಿಮಾನದ ತೂಕ ಸುಮಾರು 320 ಕಿಲೋ, ಅಂದರೆ ಎರಡು ಬುಲೆಟ್ ಬೈಕುಗಳಿಗಿಂತಲೂ ಕಡಿಮೆ. ಇದನ್ನು ನಿಲ್ಲಿಸುವ ರೀತಿ ಇನ್ನೂ ವಿಚಿತ್ರ. ಪೈಲಟ್ ಇಳಿದ ಮೇಲೆ ಮುಂದಿನ ಗಾಲಿಯನ್ನು ಒಳಗೆ ಮಡಚಿ, ಮಂಡಿಯೂರಿದ ಒಂಟೆಯಂತೆ ಮೂತಿಯನ್ನು ನೆಲಕ್ಕೆ ಊರಿ ನಿಲ್ಲಿಸುತ್ತಾರೆ. ಕಾರಣವೇನು? ಪೈಲಟ್ ಕೂತರೆ ಮಾತ್ರ ಅದು ಸಮತೂಕದಲ್ಲಿರುತ್ತದೆ. ಅವನು ಇಳಿದನೆಂದರೆ ಹಿಂದಿನ ಎಂಜಿನ್ನಿನ ಭಾರಕ್ಕೆ ವಿಮಾನ ಹಿಂದಕ್ಕೆ ಕೂತುಬಿಡಬಹುದು, ಪಂಖ ನೆಲಕ್ಕೆ ಬಡಿಯಬಹುದು. ಪೈಲಟ್ ತೀರಾ ತೆಳ್ಳಗಿನವನಾದರೆ ಮೂತಿಯಲ್ಲಿ ಸೀಸದ ಭಾರ ಇಡಬೇಕಾಗುತ್ತದೆ. ಸೊರಬದ ಹುಡುಗನ ಪ್ರಶ್ನೆಗೆ ಉತ್ತರ ಇದೇ: ಹೌದು, ದೊಡ್ಡ ವಿಮಾನಕ್ಕೂ ನಾಣ್ಯ ಅಂಟಿಸುತ್ತಾರೆ!

ಇನ್ನೊಂದು ಮಾತು ಗಮನಿಸಿ. ಒಂದೇ ನಕ್ಷೆ ನೋಡಿ ನೂರು ಜನ ಕಟ್ಟಿದರೂ ನೂರು ವಿಮಾನಗಳ ತೂಕವೂ ಬೇರೆ ಬೇರೆ. ಒಬ್ಬ ಎಪಾಕ್ಸಿಯನ್ನು ತೆಳ್ಳಗೆ ಸವರಿರುತ್ತಾನೆ, ಇನ್ನೊಬ್ಬ ದಪ್ಪಗೆ. ಒಬ್ಬನ ಬ್ಯಾಟರಿ ಮುಂದಿರುತ್ತದೆ, ಮತ್ತೊಬ್ಬನದು ಹಿಂದೆ. ನಮ್ಮ ಹುಡುಗನಂತೆ ಬಾಲಕ್ಕೆ ಬಣ್ಣ ಬಳಿದವನೂ ಇರುತ್ತಾನೆ. ನೆರೆಯವನ ವಿಮಾನದ ಅಂಕಿಯನ್ನು ನಕಲು ಮಾಡಿದರೆ ಅದು ನಿಮ್ಮ ವಿಮಾನಕ್ಕೆ ಸುಳ್ಳು. ಆದ್ದರಿಂದ ಕಟ್ಟಿ ಮುಗಿದ ಪ್ರತಿಯೊಂದು ವಿಮಾನವನ್ನೂ ಹಾರುವ ಮೊದಲು ತೂಗಲೇಬೇಕು. ದೊಡ್ಡ ರಿಪೇರಿ, ಬದಲಾವಣೆಗಳಾದಾಗ ಮತ್ತೆ ತೂಗಬೇಕು.

ತೂಗುವುದು ಹೇಗೆ?

ಗಾಳಿ ಬೀಸದಂತೆ ಬಾಗಿಲು ಹಾಕಿದ ಕೊಟ್ಟಿಗೆಯಲ್ಲಿ, ಮೂರು ಗಾಲಿಗಳ ಕೆಳಗೆ ಮೂರು ತಕ್ಕಡಿ ಇಡುತ್ತಾರೆ. ವಿಮಾನ ಹಾರುವಾಗ ಯಾವ ಭಂಗಿಯಲ್ಲಿರುತ್ತದೋ ಅದೇ ಭಂಗಿಯಲ್ಲಿ ಮಟ್ಟಸವಾಗಿ ನಿಲ್ಲಿಸುತ್ತಾರೆ. ಗಾರೆ ಕೆಲಸದವರ ತೂಗುಗುಂಡನ್ನು ಗಾಲಿಯ ನಡುವಿನಿಂದ ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕುತ್ತಾರೆ. ಮೂತಿಯ ತುದಿಯನ್ನೋ ಇನ್ನಾವುದಾದರೂ ಸ್ಥಿರವಾದ ಜಾಗವನ್ನೋ ‘ಸೊನ್ನೆ’ ಎಂದಿಟ್ಟುಕೊಂಡು ಅಲ್ಲಿಂದ ಪ್ರತಿ ಗಾಲಿಗೆ ಎಷ್ಟು ದೂರ ಎಂದು ಟೇಪು ಹಿಡಿದು ಅಳೆಯುತ್ತಾರೆ.

ಇನ್ನು ಲೆಕ್ಕ. ತೂಕವನ್ನು ದೂರದಿಂದ ಗುಣಿಸಿದರೆ ಬರುವುದಕ್ಕೆ ಪಠ್ಯಪುಸ್ತಕದಲ್ಲಿ ‘ಭ್ರಾಮಕ’ ಎಂಬ ಹೆಸರಿದೆ. ನಾವು ‘ತಿರುಗುಬಲ’ ಎನ್ನೋಣ. ಏತಪಾತ ಆಡುವಾಗ ದಢೂತಿ ಅಣ್ಣ ನಡುವಿಗೆ ಹತ್ತಿರ ಕೂತು, ಪುಟ್ಟ ತಂಗಿ ತುದಿಯಲ್ಲಿ ಕೂತರೆ ಹಲಗೆ ಸಮನಾಗುವುದು ಈ ಗುಣಾಕಾರದಿಂದಲೇ. ಎಲ್ಲ ತಿರುಗುಬಲಗಳನ್ನು ಕೂಡಿ ಒಟ್ಟು ತೂಕದಿಂದ ಭಾಗಿಸಿದರೆ ಗುರುತ್ವ ಕೇಂದ್ರ ಎಲ್ಲಿದೆ ಎಂಬುದು ಸಿಗುತ್ತದೆ.

ಒಂದು ಉದಾಹರಣೆ ಮಾಡೋಣ. ಪೆನ್ಸಿಲ್ ತೆಗೆದುಕೊಳ್ಳಿ. ಅಭ್ಯಾಸಕ್ಕೆಂದು ನಾನೇ ಕಲ್ಪಿಸಿಕೊಂಡ ಎರಡು ಸೀಟಿನ ವಿಮಾನ ಇದು. ಇದರ ಎಂಜಿನ್ನು ಮುಂದಿದೆ. ಮುಂದಿನ ಗಾಲಿ ಸೊನ್ನೆಯಿಂದ 0.75 ಮೀಟರ್ ದೂರ, ಅದರ ತಕ್ಕಡಿ 80 ಕಿಲೋ ತೋರಿಸುತ್ತದೆ. ಹಿಂದಿನ ಎರಡು ಗಾಲಿಗಳು 2.25 ಮೀಟರ್ ದೂರ, ತಲಾ 160 ಕಿಲೋ.

ಮುಂದಿನ ಗಾಲಿ: 80 × 0.75 = 60
ಹಿಂದಿನ ಗಾಲಿಗಳು: 320 × 2.25 = 720
ಒಟ್ಟು ತೂಕ 400 ಕಿಲೋ, ಒಟ್ಟು ತಿರುಗುಬಲ 780
ಗುರುತ್ವ ಕೇಂದ್ರ: 780 ÷ 400 = 1.95 ಮೀಟರ್

ವಿನ್ಯಾಸಕಾರರು ಈ ಕೇಂದ್ರ 1.90 ಮೀಟರಿನಿಂದ 2.05 ಮೀಟರಿನ ಒಳಗೇ ಇರಬೇಕೆಂದು ಗೆರೆ ಎಳೆದಿದ್ದಾರೆ ಎಂದುಕೊಳ್ಳಿ. ಒಂದು ಗೇಣಿಗಿಂತ ಕಡಿಮೆ ಅಂತರ! ಖಾಲಿ ವಿಮಾನವೇನೋ ಒಳಗಿದೆ. ಈಗ ಜನ, ಇಂಧನ, ಸಾಮಾನು ಹೇರೋಣ.

ಸೀಟುಗಳು 2.10 ಮೀಟರಿನಲ್ಲಿವೆ. ತಲಾ 70 ಕಿಲೋದ ಇಬ್ಬರು ಕೂತರೆ ತಿರುಗುಬಲ 294. ಪೆಟ್ರೋಲ್ ಟ್ಯಾಂಕು ಎಂಜಿನ್ನಿನ ಹಿಂದೆ 1.50 ಮೀಟರಿನಲ್ಲಿದೆ. 70 ಲೀಟರ್ ಪೆಟ್ರೋಲ್ ಅಂದರೆ 70 ಕಿಲೋ ಅಲ್ಲ ನೆನಪಿಡಿ. ಪೆಟ್ರೋಲ್ ನೀರಿಗಿಂತ ಹಗುರ, ಲೀಟರಿಗೆ ಸುಮಾರು 0.72 ಕಿಲೋ. ಆದ್ದರಿಂದ 50 ಕಿಲೋ ಎನ್ನೋಣ, ತಿರುಗುಬಲ 75. ಸಾಮಾನಿನ ಜಾಗ ಸೀಟಿನ ಹಿಂದೆ 2.90 ಮೀಟರಿನಲ್ಲಿ. ಅಲ್ಲಿ 20 ಕಿಲೋ ಇಟ್ಟರೆ 58. ಒಟ್ಟು ತೂಕ 610, ಒಟ್ಟು ತಿರುಗುಬಲ 1207. ಭಾಗಿಸಿದರೆ 1.98. ನಿಶ್ಚಿಂತೆ.

ಈಗ ಒಬ್ಬ ಮಹಾಶಯರು, ಹೇಗಿದ್ದರೂ ಹೋಗುತ್ತಿದ್ದೇವಲ್ಲ ಎಂದು, 20 ಕಿಲೋದ ಚೀಲದ ಬದಲು 50 ಕಿಲೋ ಅಡಿಕೆಯ ಮೂಟೆ ತಂದು ಹಿಂದೆ ಇಟ್ಟರು ಎನ್ನಿ. ಮೂಟೆಯ ತಿರುಗುಬಲ 145. ಒಟ್ಟು ತೂಕ 640, ತಿರುಗುಬಲ 1294. ಭಾಗಿಸಿ ನೋಡಿ: 2.02. ಇನ್ನೂ ಗೆರೆಯ ಒಳಗೇ ಇದೆ. ‘ನೋಡಿದಿರಾ, ಏನೂ ಆಗಲ್ಲ’ ಎನ್ನುತ್ತಾರೆ ಮಹಾಶಯರು. ವಿಮಾನ ಸರಾಗವಾಗಿ ಏರುತ್ತದೆ.

ಆದರೆ ಹಾರುತ್ತ ಹಾರುತ್ತ ಏನು ಖರ್ಚಾಗುತ್ತದೆ? ಮುಂದಿನ ಟ್ಯಾಂಕಿನ ಪೆಟ್ರೋಲ್. ಹಿಂದಿನ ಅಡಿಕೆ ಇದ್ದಲ್ಲೇ ಇದೆ. ಟ್ಯಾಂಕು ಪೂರ್ತಿ ಖಾಲಿಯಾದಾಗಿನ ಲೆಕ್ಕ ಮಾಡಿ: ತೂಕ 590, ತಿರುಗುಬಲ 1219. ಭಾಗಿಸಿದರೆ 2.07. ಗೆರೆ ದಾಟಿತು! ಲೆಕ್ಕ ಬಿಡಿಸುತ್ತ ಹೋದರೆ, ಟ್ಯಾಂಕಿನಲ್ಲಿ ಇನ್ನೂ ಸುಮಾರು 17 ಕಿಲೋ ಪೆಟ್ರೋಲ್ ಇರುವಾಗಲೇ ಕೇಂದ್ರ 2.05ರ ಗೆರೆ ದಾಟಿರುತ್ತದೆ. ಏರುವಾಗ ಸಾಧುವಾಗಿದ್ದ ವಿಮಾನ ಇಳಿಯುವ ಹೊತ್ತಿಗೆ ಬೇರೆಯೇ ವಿಮಾನವಾಗಿರುತ್ತದೆ. ಅದಕ್ಕೇ ಈ ಲೆಕ್ಕವನ್ನು ಹೊರಡುವ ಗಳಿಗೆಗೆ ಒಮ್ಮೆ, ಇಳಿಯುವ ಗಳಿಗೆಗೆ ಒಮ್ಮೆ ಮಾಡಬೇಕು. 17 ಎಂಬ ಉತ್ತರ ಹೇಗೆ ಬಂತೆಂದು ಹತ್ತನೇ ತರಗತಿಯವರು ಒಂದು ಸಮೀಕರಣ ಹಾಕಿ ತಾವೇ ತಾಳೆ ನೋಡಬಹುದು.

ಗೆರೆ ದಾಟಿದರೆ ಏನಾಗುತ್ತದೆ? ಮೂತಿ ಭಾರವಾದ ವಿಮಾನ ನೆಲ ಬಿಡಲು ಹೆಚ್ಚು ಓಡುತ್ತದೆ, ಇಳಿಯುವಾಗ ಮೂತಿ ಎತ್ತಲು ಪೈಲಟ್ ಹೆಣಗಬೇಕು. ಬಾಲ ಭಾರವಾದರೆ ಅದಕ್ಕಿಂತ ಕೆಟ್ಟದ್ದು. ವಿಮಾನ ತಾನಾಗಿ ಮೂತಿ ಎತ್ತುತ್ತದೆ, ವೇಗ ಕುಸಿಯುತ್ತದೆ, ರೆಕ್ಕೆಯ ಮೇಲೆ ಗಾಳಿಯ ಹಿಡಿತ ತಪ್ಪುತ್ತದೆ. ಆಗ ಕೋಲನ್ನು ಎಷ್ಟು ಮುಂದಕ್ಕೆ ತಳ್ಳಿದರೂ ಮೂತಿ ಇಳಿಯದೆ ಹೋಗಬಹುದು. ಥರ್ಮೊಕೋಲ್ ವಿಮಾನ ಅಂಗಳದಲ್ಲಿ ಮಾಡಿ ತೋರಿಸಿದ್ದು ಇದನ್ನೇ. ಪೈಲಟ್‌ಗಳಲ್ಲಿ ಒಂದು ಕಹಿ ಮಾತಿದೆ: ಮೂತಿ ಭಾರದ ವಿಮಾನ ಕೆಟ್ಟದಾಗಿ ಹಾರುತ್ತದೆ, ಬಾಲ ಭಾರದ ವಿಮಾನ ಒಂದೇ ಸಲ ಹಾರುತ್ತದೆ.

ಈ ಸಮತೋಲವನ್ನು ಹಾರುತ್ತಲೇ ಕಾಯ್ದುಕೊಂಡವರೂ ಇದ್ದಾರೆ. ಬರ್ಟ್ ರುಟಾನ್ ವಿನ್ಯಾಸ ಮಾಡಿದ ‘ವಾಯೇಜರ್’ ವಿಮಾನ 1986ರ ಡಿಸೆಂಬರಿನಲ್ಲಿ ಎಲ್ಲೂ ಇಳಿಯದೆ, ಇಂಧನ ತುಂಬಿಸಿಕೊಳ್ಳದೆ ಒಂಬತ್ತು ದಿನಗಳಲ್ಲಿ ಭೂಮಿಯನ್ನು ಸುತ್ತಿ ಬಂತು. ಹೊರಡುವಾಗ ಅದರ ತೂಕ ಸುಮಾರು 4,400 ಕಿಲೋ, ಅದರಲ್ಲಿ 3,100 ಕಿಲೋಗಿಂತ ಹೆಚ್ಚು ಬರೀ ಇಂಧನ. ಅದು 17 ಟ್ಯಾಂಕುಗಳಲ್ಲಿ ಹಂಚಿತ್ತು. ಒಳಗಿದ್ದ ಡಿಕ್ ರುಟಾನ್ ಮತ್ತು ಜೀನಾ ಯೇಗರ್ ದಾರಿಯುದ್ದಕ್ಕೂ ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಇಂಧನ ಸಾಗಿಸುತ್ತ, ಅದನ್ನು ಬರೆದಿಡುತ್ತ ಕೂತಿದ್ದರು. ಅಷ್ಟೂ ದಿನ ಅವರು ಮಾಡಿದ್ದು ಕೂಡು, ಕಳೆ, ಗುಣಿಸು, ಭಾಗಿಸು.

ಅಂಕಿ ಯಾರದು?

ಈಗ ತಂದೆಯವರ ಪ್ರಶ್ನೆಗೆ ಬರೋಣ. ಅದಕ್ಕೆ ಉತ್ತರವಾಗಿ ಎರಡು ಘಟನೆ ಹೇಳುತ್ತೇನೆ.

1983ರ ಜುಲೈ 23. ಏರ್ ಕೆನಡಾದ ಹೊಚ್ಚ ಹೊಸ ಬೋಯಿಂಗ್ 767. ಆ ದೇಶ ಆಗಷ್ಟೇ ಪೌಂಡಿನಿಂದ ಕಿಲೋಗ್ರಾಮಿಗೆ ಬದಲಾಗುತ್ತಿತ್ತು. ಇಂಧನ ಅಳೆಯುವ ಯಂತ್ರ ಕೆಟ್ಟಿದ್ದರಿಂದ ಟ್ಯಾಂಕಿಗೆ ಕಡ್ಡಿ ಇಳಿಸಿ ಲೀಟರ್ ಅಳೆದು, ಅದನ್ನು ತೂಕಕ್ಕೆ ಪರಿವರ್ತಿಸಿದರು. ಲೀಟರಿಗೆ ಸುಮಾರು 0.8 ಕಿಲೋ ಎಂದು ಗುಣಿಸಬೇಕಾದಲ್ಲಿ, ಹಳೆಯ ರೂಢಿಯಂತೆ 1.77 ಎಂದು ಗುಣಿಸಿದರು. ಅದು ಪೌಂಡಿನ ಅಂಕಿ. ಕಾಗದದ ಮೇಲೆ 22,300 ಕಿಲೋ ಇಂಧನವಿತ್ತು, ಟ್ಯಾಂಕಿನಲ್ಲಿ ಅದರ ಅರ್ಧವೂ ಇರಲಿಲ್ಲ. 41,000 ಅಡಿ ಎತ್ತರದಲ್ಲಿ ಎಂಜಿನ್ನುಗಳು ಒಂದೊಂದಾಗಿ ನಿಂತವು. ಪೈಲಟ್‌ಗಳು ಅಷ್ಟು ದೊಡ್ಡ ವಿಮಾನವನ್ನು ಹದ್ದಿನಂತೆ ತೇಲಿಸಿಕೊಂಡು ಬಂದು ಗಿಮ್ಲಿ ಎಂಬಲ್ಲಿನ ಹಳೇ ವಾಯುನೆಲೆಯಲ್ಲಿ ಇಳಿಸಿದರು. ಒಳಗಿದ್ದ 69 ಮಂದಿಯೂ ಉಳಿದರು. ‘ಉತ್ತರದ ಮುಂದೆ ಮಾನ ಬರೆಯಲಿಲ್ಲ’ ಎಂದು ಮೇಷ್ಟ್ರು ಅರ್ಧ ಅಂಕ ಕಳೆದಾಗ ಸಿಟ್ಟಾಗುವ ಮಕ್ಕಳು ಈ ಕಥೆ ನೆನಪಿಟ್ಟುಕೊಳ್ಳಬೇಕು.

ಇನ್ನೊಂದು ಕಥೆಗೆ ಅಂಥ ಸುಖಾಂತವಿಲ್ಲ. 2003ರ ಜನವರಿ 8ರಂದು ಅಮೆರಿಕದ ಷಾರ್ಲೆಟ್ ನಗರದಿಂದ ಏರ್ ಮಿಡ್‌ವೆಸ್ಟ್ ಕಂಪನಿಯ ಪುಟ್ಟ ಬೀಚ್ 1900 ವಿಮಾನ ಮೇಲೇರಿತು. ಏರಿದ್ದೇ ಮೂತಿ ಎತ್ತುತ್ತ ಹೋಗಿ, ಸ್ವಲ್ಪ ಹೊತ್ತಿನಲ್ಲೇ ಹಿಡಿತ ತಪ್ಪಿ ಬಿತ್ತು. ಒಳಗಿದ್ದ 21 ಮಂದಿಯೂ ಸತ್ತರು. ತನಿಖೆಯಲ್ಲಿ ಎರಡು ತಪ್ಪುಗಳು ಸಿಕ್ಕವು. ಒಂದು, ರಿಪೇರಿಯಲ್ಲಿ ಬಾಲದ ಹಲಗೆಯ ತಂತಿಯನ್ನು ತಪ್ಪಾಗಿ ಬಿಗಿದಿದ್ದರು. ಹಾಗಾಗಿ ಮೂತಿ ಇಳಿಸಲು ಬೇಕಾದಷ್ಟು ಹಲಗೆ ಬಾಗುತ್ತಿರಲಿಲ್ಲ. ಎರಡು, ವಿಮಾನ ಬಾಲ ಭಾರವಾಗಿತ್ತು. ಆದರೆ ಸಿಬ್ಬಂದಿ ಬರೆದ ಲೆಕ್ಕದ ಹಾಳೆಯಲ್ಲಿ ಎಲ್ಲವೂ ಸರಿಯಾಗಿತ್ತು! ಅದು ಹೇಗೆ? ಅವರು ಯಾರನ್ನೂ ತೂಗಿರಲಿಲ್ಲ. ನಿಯಮ ಒಪ್ಪಿದ್ದ ‘ಸರಾಸರಿ ಪ್ರಯಾಣಿಕನ ತೂಕ’ವನ್ನು ಪುಸ್ತಕದಿಂದ ತೆಗೆದು ಬರೆದಿದ್ದರು. ಆಮೇಲೆ ಪ್ರಯಾಣಿಕರನ್ನು ನಿಜವಾಗಿ ತೂಗಿ ನೋಡಿದಾಗ, ಆ ಸರಾಸರಿಗಿಂತ ಜನ ತಲಾ ಸುಮಾರು 9 ಕಿಲೋ ಹೆಚ್ಚು ತೂಗುತ್ತಿದ್ದುದು ತಿಳಿಯಿತು. ನಿಯಮವನ್ನೇ ತಿದ್ದಬೇಕಾಯಿತು. ಗಮನಿಸಿ, ಅಲ್ಲಿ ಕೂಡುವುದರಲ್ಲಿ, ಗುಣಿಸುವುದರಲ್ಲಿ ತಪ್ಪಿರಲಿಲ್ಲ. ಅಂಕಿಯೇ ಆ ಜನರದಾಗಿರಲಿಲ್ಲ.

ನನಗೆ ಕಾಲೇಜಿನ ದಿನಗಳ ಲ್ಯಾಬು ನೆನಪಾಗುತ್ತದೆ. ಲೋಲಕದ ಪ್ರಯೋಗ. ನಮಗೆ ಬಂದ ಗುರುತ್ವ ವೇಗೋತ್ಕರ್ಷ 9.3. ಪುಸ್ತಕದಲ್ಲಿ 9.8. ಏನು ಮಾಡಿದೆವು? ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕ ತಂದು ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ ಸಮಯದ ಅಂಕಿಗಳನ್ನು ತುಂಬಿದೆವು. 9.79 ಬಂತು, ಪೂರ್ತಿ ಅಂಕವೂ ಬಂತು. ನಮ್ಮ ಲೋಲಕದ ದಾರವನ್ನು ಕೊಕ್ಕೆಯಿಂದ ಗುಂಡಿನ ನಡುವಿನವರೆಗೆ ಅಳೆಯಬೇಕಿತ್ತು, ನಾವು ಗುಂಡಿನ ತಲೆಗೇ ನಿಲ್ಲಿಸಿದ್ದೆವು ಎಂಬುದು ಎಷ್ಟೋ ವರ್ಷಗಳ ಮೇಲೆ ಹೊಳೆಯಿತು. ಅಂದು ಆ 9.3ನ್ನು ಹಾಗೇ ಬರೆದು, ‘ಯಾಕೆ ಹೀಗಾಯಿತು’ ಎಂದು ಕೇಳಿದ್ದರೆ ನಿಜವಾದ ಪಾಠ ಅಂದೇ ಸಿಗುತ್ತಿತ್ತು. ನಾವು ನಾಚಿಕೊಂಡು ಅಳಿಸಿ ಹಾಕಿದೆವು.

ಇಂದಿಗೂ ರೆಕಾರ್ಡ್ ಪುಸ್ತಕಗಳು ಹೀಗೇ ತುಂಬುತ್ತವೆ ಎಂಬುದು ಮಕ್ಕಳಿಗೂ ಗೊತ್ತು, ಪೋಷಕರಿಗೂ ಗೊತ್ತು. ಮನೆಯಲ್ಲಿ ನಾವು ಕೇಳುವುದು ‘ಉತ್ತರ ಸರಿ ಬಂತಾ?’ ಎಂದೇ ಹೊರತು ‘ನೀನೇ ಅಳೆದೆಯಾ?’ ಎಂದಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ ಈ ತಪ್ಪು ಕಾಣುವುದೂ ಇಲ್ಲ. ಆದರೆ ಆ ಮಕ್ಕಳೇ ನಾಳೆ ಎಂಜಿನಿಯರ್ ಆಗುತ್ತಾರೆ, ಕಾಂಪೌಂಡರ್ ಆಗುತ್ತಾರೆ, ಸೇತುವೆಯ ಕಂಟ್ರಾಕ್ಟರ್ ಆಗುತ್ತಾರೆ. ಅಳೆಯದೆ ಬರೆದ ಅಂಕಿಯ ಅಭ್ಯಾಸ ಕೈಗೆ ಹತ್ತಿದರೆ ಅದು ಕೈಬಿಡುವುದಿಲ್ಲ. ಹಾಗಾಗಿ ಆ ತಂದೆಗೆ ನಾನು ಹೇಳಿದ್ದಿಷ್ಟು: ‘ಸಿಇಟಿಯಲ್ಲಿ ಇದರ ಮೇಲೆ ಒಂದು ಪ್ರಶ್ನೆ ಬಂದರೂ ಬರಬಹುದು, ಬಾರದೆಯೂ ಇರಬಹುದು. ಆದರೆ ನಿಮ್ಮ ಮಗ ಇವತ್ತು ಗೈಡಿನ ಚುಕ್ಕೆ ಬಿಟ್ಟು ತನ್ನ ವಿಮಾನದ ಚುಕ್ಕೆ ಹುಡುಕಿದ್ದಾನೆ.’

ಮನೆಯಲ್ಲೇ ಮಾಡಿ

ವಿಮಾನ ಕಟ್ಟಲು ಎಲ್ಲರಿಗೂ ಆಗದು. ಕಟ್ಟಿದರೂ ನಾಗರಿಕ ವಿಮಾನಯಾನ ಇಲಾಖೆಯ ಪರೀಕ್ಷೆ, ಪರವಾನಗಿ ಇಲ್ಲದೆ ಹಾರಿಸುವ ಸಾಹಸ ಬೇಡವೇ ಬೇಡ. ಆದರೆ ವಿಮಾನ ತೂಗುವ ಅದೇ ಲೆಕ್ಕದಿಂದ ನಿಮ್ಮ ದೇಹದ ಗುರುತ್ವ ಕೇಂದ್ರ ಹುಡುಕಬಹುದು. ಎರಡು ಮೀಟರಿನ ಗಟ್ಟಿ ಹಲಗೆಯ ಒಂದು ತುದಿಯನ್ನು ಇಟ್ಟಿಗೆಯ ಅಂಚಿನ ಮೇಲೆ, ಇನ್ನೊಂದು ತುದಿಯನ್ನು ಮೈತೂಕದ ಯಂತ್ರದ ಮೇಲೆ ಮಟ್ಟವಾಗಿ ಇಡಿ. ಬರೀ ಹಲಗೆಗೆ ಯಂತ್ರ ಎಷ್ಟು ತೋರಿಸುತ್ತದೆ ಎಂದು ಬರೆದುಕೊಳ್ಳಿ. ಈಗ ಪಾದಗಳು ಇಟ್ಟಿಗೆಯ ಮೇಲೆ ನೇರಕ್ಕೆ ಬರುವಂತೆ ಹಲಗೆಯ ಮೇಲೆ ಅಂಗಾತ ಮಲಗಿ. ಅಮ್ಮನೋ ಅಕ್ಕನೋ ಯಂತ್ರ ಓದಲಿ. ಹಲಗೆಯ ತೂಕ ಕಳೆದು ಉಳಿದದ್ದನ್ನು ಎರಡು ಮೀಟರಿನಿಂದ ಗುಣಿಸಿ, ನಿಮ್ಮ ಮೈತೂಕದಿಂದ ಭಾಗಿಸಿ. 50 ಕಿಲೋದ ಹುಡುಗನಿಗೆ ಯಂತ್ರ 22 ಕಿಲೋ ತೋರಿಸಿದರೆ, 44 ಭಾಗಿಸು 50, ಅಂದರೆ ಪಾದದಿಂದ 0.88 ಮೀಟರ್. ಹೊಕ್ಕುಳಿನ ಆಸುಪಾಸು. ಈಗ ಎರಡೂ ಕೈ ತಲೆಯ ಮೇಲಕ್ಕೆ ಚಾಚಿ ಮತ್ತೆ ಅಳೆಯಿರಿ. ಕೇಂದ್ರ ಎತ್ತ ಸರಿಯಿತು? ಎಷ್ಟು? ಬಂದ ಅಂಕಿಯನ್ನು ಬಂದ ಹಾಗೇ ಬರೆಯಿರಿ.

ಅಂದ ಹಾಗೆ, ಶಿಕಾರಿಪುರ, ಸೊರಬದವರಿಗೆ ವಿಮಾನ ಈಗ ದೂರದ ವಸ್ತುವಲ್ಲ. ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರುವರಿಯಲ್ಲಿ ಕುವೆಂಪು ಹೆಸರಿನ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದೇ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಅದು ಪಂಖದ ಎ.ಟಿ.ಆರ್. ಜಾತಿಯದು. ಈ ವಿಮಾನಕ್ಕೆ ಪ್ರಯಾಣಿಕರು ಹತ್ತುವ ಬಾಗಿಲು ಹಿಂದಿದೆ. ಎಲ್ಲರೂ ಒಟ್ಟಿಗೆ ಬಾಲದಲ್ಲಿ ಗುಂಪುಗೂಡಿದರೆ ಗಾಡಿ ಹಿಂಭಾರವಾದಂತೆಯೇ. ಅದಕ್ಕೇ ನಿಂತಾಗ ಬಾಲದ ಅಡಿಗೆ ಒಂದು ಊರುಗೋಲು ಕೊಟ್ಟಿರುತ್ತಾರೆ. ಎತ್ತು ಬಿಚ್ಚಿದ ಗಾಡಿಗೆ ನಮ್ಮವರು ಆನಿಕೆಗೋಲು ಕೊಡುತ್ತಿದ್ದ ಹಾಗೆ. ಮುಂದೆ ಎಂದಾದರೂ ಸಣ್ಣ ವಿಮಾನದಲ್ಲಿ ಗಗನಸಖಿ ಬಂದು ‘ದಯವಿಟ್ಟು ಮುಂದಿನ ಸಾಲಿಗೆ ಬನ್ನಿ’ ಎಂದರೆ ಗೊಣಗಬೇಡಿ. ನೀವು ಆಗ ಮೂತಿಗೆ ಅಂಟಿಸಿದ ನಾಣ್ಯ!

ಮೇಳದಲ್ಲಿ ಮೊದಲ ಬಹುಮಾನ ಆ ಹುಡುಗನಿಗೆ ಬರಲಿಲ್ಲ, ಅದು ಸೌರ ಒಲೆಗೆ ಹೋಯಿತು. ನಾನು ಹೊರಡುವಾಗ ಅವನು ಚಾರ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಹಳೆಯ ಚುಕ್ಕೆಯನ್ನು ಅಳಿಸಿರಲಿಲ್ಲ. ಅದರ ಪಕ್ಕ, ಎರಡು ಅಂಗುಲ ಹಿಂದೆ, ಇನ್ನೊಂದು ಚುಕ್ಕೆ ಇಟ್ಟು ಕೆಳಗೆ ಬರೆಯುತ್ತಿದ್ದ: ‘ಬಾವುಟ ಅಂಟಿಸಿದ ಮೇಲೆ. ನಾನೇ ನೋಡಿದ್ದು.’